ಬೆಲೆಯ ಸ್ಖಲನವೂ ಅನುಶಯ ವಿಚಾರವೂ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಹೊಲಮನೆಗಳ ಖರೀದಿಪತ್ರವಾಗುವದಕ್ಕೆ ಮೊದಲು ಸಂಚಕಾರಪತ್ರವನ್ನು ಬರೆಯುವ ರೂಢಿಯು ಇಂದಿಗೂ ನಡೆದಿದೆ. ಕೊಳ್ಳುವವನು ಬೆಲೆಯಲ್ಲಿ ಒಂದಂಶವನ್ನು ಮುಂಗಡವಾಗಿ ಕೊಟ್ಟು ಮಾತನ್ನು ಗಟ್ಟಿಮಾಡಿಕೊಳ್ಳುತ್ತಾನೆ. ಸಂಚಕಾರವೆಂಬ ಶಬ್ದವು ಸಂಸ್ಕೃತದ ಸತ್ಯಂಕಾರ ಶಬ್ದದ ತದ್ಭವವು. ಆಡಿದ ಮಾತನ್ನು ಸತ್ಯವಾಗಿಸುವದು ಎಂಬದೇ ಅದರ ಅರ್ಥ. ಸತ್ಯಂಕಾರವಾಗಿ ಕೊಟ್ಟ ದ್ರವ್ಯವನ್ನು ಇಮ್ಮಡಿಯಾಗಿ ಹಿಂದಿರುಗಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಕಲ್ಯಾಣದಲ್ಲಿದ್ದು ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯೆಯನ್ನು ರಚಿಸಿದ ವಿಜ್ಞಾನೇಶ್ವರನು ಇದನ್ನು ಬಿಡಿಸಿ ತೋರಿಸಿದ್ದಾನೆ. ಉಂಗುರ ಮೊದಲಾದುದನ್ನು ಕೊಟ್ಟವನೇ ಮಾತಿಗೆ ತಪ್ಪಿದರೆ ಕೊಟ್ಟುದನ್ನು ಕಳೆದುಕೊಳ್ಳಬೇಕು. ತೆಗೆದುಕೊಂಡವನು ತಪ್ಪಿದರೆ ಅದರ ಎರಡರಷ್ಟನ್ನು ತಿರುಗಿ ಕೊಡಬೇಕು. ಮಾತಿನ ಭಾರವು ಎರಡೂ ಪಕ್ಷಗಳ ಮೇಲೆ ಬೀಳುತ್ತದೆಂಬದನ್ನು ವಾಚಕರು ಇಲ್ಲಿ ಗಮನಿಸಬೇಕು. ಪ್ರಕೃತ ಲೇಖನದ ವಿಚಾರವೆಲ್ಲ ಈ ತತ್ತ್ವವನ್ನೇ ಆಶ್ರಯಿಸಿದೆ.

ಈಗ ವ್ಯವಹಾರದ ರೀತಿಯು ಬಹಳ ಬೇರೆಯಾಗಿದೆ. ಈ ತಾಲೂಕುಗಳ ಜನರು ಕೊಲ್ಲಾಪುರದ ಉಜಳಾಯವಾಡಿಯಿಂದಲಾಗಲಿ ಬೆಳಗಾವಿಯ ಸಾಂಬ್ರಾದಿಂದಾಗಲಿ ವಿಮಾನವನ್ನೇರಿ ದೂರದ ಪಟ್ಟಣಗಳಿಗೆ ಹೋಗಿಬರುತ್ತಿರುವರು. ಟಿಕೆಟ್ಟನ್ನು ಕೊಳ್ಳುವಾಗ ಎದುರಿಗೆ ಮಾರುವವನಿಲ್ಲ, ಚೌಕಾಶಿಯಿಲ್ಲ, ಸಾಕ್ಷಿಗಳಿಲ್ಲ. ಯಂತ್ರವು ಬೆಲೆಯನ್ನು ತೋರಿಸುತ್ತದೆ. ಕೊಳ್ಳುವವನು ಅಷ್ಟು ಹಣವನ್ನು ಸಲ್ಲಿಸುತ್ತಾನೆ. ಯಂತ್ರವೇ ರಸೀದಿಯನ್ನೂ ಟಿಕೆಟ್ಟನ್ನೂ ಕೊಡುತ್ತದೆ. ಹೀಗಿರುವಾಗ 12,500 ರೂಪಾಯಿಯ ಟಿಕೆಟ್ಟು ಸೊನ್ನೆಯೊಂದು ಬಿಟ್ಟುಹೋದುದರಿಂದ 1,250 ರೂಪಾಯಿಗೆ ಮಾರಿಹೋಯಿತೆಂದು ಭಾವಿಸೋಣ. ಕೆಲವು ದಿನಗಳ ಮೇಲೆ ಕಂಪನಿಯು “ಇದು ಕೈತಪ್ಪಿನಿಂದಾದ ಬೆಲೆ, ಟಿಕೆಟ್ಟು ರದ್ದಾಗಿದೆ” ಎಂದು ತಿಳಿಸಿದರೆ ಅದು ನ್ಯಾಯವೇ? ಇಲ್ಲವೆ ತೋರಿಸಿದ ಬೆಲೆಗೇ ಪ್ರಯಾಣಿಕನನ್ನು ಕರೆದೊಯ್ಯಲು ಕಂಪನಿಯು ಬದ್ಧವೇ? ಇದು ಕೇವಲ ವರ್ತಕರ ಜಗಳವಲ್ಲ. ಆ ಟಿಕೆಟ್ಟನ್ನು ನಂಬಿ ರೈಲಿನ ಸ್ಥಳವನ್ನು ಬಿಟ್ಟುಕೊಟ್ಟವನ ಕೆಲಸಕಾರ್ಯಗಳು ಇದರ ನಿರ್ಣಯವನ್ನು ಅವಲಂಬಿಸಿರುವವು.

ತಪ್ಪು ಹೇಗೆ ಹುಟ್ಟುವದೆಂಬದನ್ನು ಮೊದಲು ತಿಳಿಯಬೇಕು. ವಿಮಾನದ ದರವು ಒಂದೇ ಸಂಖ್ಯೆಯಲ್ಲ. ಮೂಲದರ, ಇಂಧನದ ಅಧಿಕಶುಲ್ಕ, ನಿಲ್ದಾಣದ ಶುಲ್ಕ, ಸರಕಾರದ ತೆರಿಗೆ ಇವೆಲ್ಲವೂ ಕೂಡಿ ಆಗುವ ಮೊತ್ತವದು. ಒಂದೇ ವಿಮಾನದಲ್ಲಿ ಒಂದೇ ಬಗೆಯ ಆಸನಗಳಿಗೆ ಕೂಡ ಹಲವು ದರವರ್ಗಗಳಿರುವವು. ಕಂಪನಿಗಳು ತಮ್ಮ ದರಗಳನ್ನು ಒಂದು ಸಾಮಾನ್ಯ ಸಂಗ್ರಹಕ್ಕೆ ಒಪ್ಪಿಸುವವು. ಮಾರಾಟಗಾರರ ಯಂತ್ರಗಳು ಅಲ್ಲಿಂದ ಅವನ್ನು ತೆಗೆದುಕೊಂಡು ಕೂಡಿಸಿ ತೋರಿಸುವವು. ಈ ದಾರಿಯಲ್ಲಿ ನಾಲ್ಕು ಬಗೆಯ ಸ್ಖಲನಗಳು ಸಂಭವಿಸುತ್ತವೆ. ಅಂಕಿಯೊಂದು ಬಿಟ್ಟುಹೋಗುವದು ಅಂಕಲೋಪ. ಇಂಧನಶುಲ್ಕದಂಥ ಒಂದು ಭಾಗವೇ ಸೇರದೆ ಹೋಗುವದು ಅಂಗಲೋಪ. ಒಂದು ದೇಶದ ನಾಣ್ಯವನ್ನು ಇನ್ನೊಂದಕ್ಕೆ ತಪ್ಪಾಗಿ ಪರಿವರ್ತಿಸುವದು ವಿನಿಮಯದೋಷ. ಮೇಲ್ವರ್ಗದ ಆಸನಕ್ಕೆ ಕೆಳವರ್ಗದ ದರವು ಅಂಟಿಕೊಳ್ಳುವದು ವರ್ಗಸಂಕರ. ಈ ನಾಲ್ಕರಲ್ಲಿಯೂ ಕಂಪನಿಯ ಮನಸ್ಸಿನಲ್ಲಿದ್ದ ಬೆಲೆಯೊಂದು, ಹೊರಗೆ ಬಿದ್ದ ಬೆಲೆ ಇನ್ನೊಂದು. ಆದರೆ ಕಂಪನಿಯು ಬುದ್ಧಿಪೂರ್ವಕವಾಗಿಯೇ ಕಡಿಮೆ ದರವನ್ನಿಟ್ಟು, ಬೇಡಿಕೆ ಹೆಚ್ಚಿದ ಮೇಲೆ “ಅಯ್ಯೋ, ಹೆಚ್ಚಿಗೆ ಇಡಬೇಕಾಗಿತ್ತು” ಎಂದು ಪಶ್ಚಾತ್ತಾಪಪಟ್ಟರೆ ಅದು ಸ್ಖಲನವಲ್ಲ; ಅದು ಕೇವಲ ಎಣಿಕೆಯ ಸೋಲು. ಸ್ಖಲನವನ್ನೂ ಸೋಲನ್ನೂ ಬೇರ್ಪಡಿಸದೆ ಮುಂದೆ ಒಂದು ಹೆಜ್ಜೆಯನ್ನೂ ಇಡಲಾಗದು.

ಇಲ್ಲಿ ಎರಡು ಪೂರ್ವಪಕ್ಷಗಳುಂಟು. ಕಂಪನಿಯ ಪಕ್ಷದವರು ಹೇಳುವದೇನಂದರೆ: ಮನಸ್ಸುಗಳು ಕೂಡದೆ ಒಪ್ಪಂದವಿಲ್ಲ, ಹತ್ತರಲ್ಲೊಂದು ಪಾಲಿನ ಬೆಲೆಗೆ ಮಾರಲು ನಾವು ಎಂದೂ ಮನಸ್ಸು ಮಾಡಿರಲಿಲ್ಲ, ಯಂತ್ರದ ತಪ್ಪನ್ನು ಹಿಡಿದು ಲಾಭ ಹೊಂದುವದು ಬಿದ್ದ ಚೀಲವನ್ನು ಎತ್ತಿಕೊಂಡು ಹೋದಂತೆ. ಕೊಳ್ಳುವವನ ಪಕ್ಷದವರು ಹೇಳುವದೇನಂದರೆ: ಬೆಲೆಯನ್ನು ಇಟ್ಟವರು ನೀವು, ಹಣವನ್ನು ತೆಗೆದುಕೊಂಡವರು ನೀವು, ಟಿಕೆಟ್ಟನ್ನು ಕೊಟ್ಟವರೂ ನೀವೇ; ಪ್ರಯಾಣಿಕನು ತಾರೀಖನ್ನು ತಪ್ಪಾಗಿ ಒತ್ತಿದರೆ ನೀವು ಕ್ಷಮಿಸುವದಿಲ್ಲ, ನಿಮ್ಮ ತಪ್ಪನ್ನು ಅವನೇಕೆ ಕ್ಷಮಿಸಬೇಕು? ಎರಡು ವಾದಗಳಲ್ಲಿಯೂ ಸ್ವಲ್ಪ ಸತ್ಯವಿದೆ. ಯಾವುದರ ಅವಧಿ ಎಲ್ಲಿಯ ವರೆಗೆ ಎಂಬದನ್ನು ನಿಶ್ಚಯಿಸಲು ನಮ್ಮ ವ್ಯವಹಾರಶಾಸ್ತ್ರವು ಒಳ್ಳೆಯ ಸಾಧನವಾಗಿದೆ.

ಮನುವು ಎಣಿಸಿದ ಹದಿನೆಂಟು ವಿವಾದಪದಗಳಲ್ಲಿ ಕ್ರಯವಿಕ್ರಯಾನುಶಯವು ಒಂದು. ಅನುಶಯವೆಂದರೆ ಕೊಂಡ ಇಲ್ಲವೆ ಮಾರಿದ ಮೇಲೆ ಹುಟ್ಟುವ ಪಶ್ಚಾತ್ತಾಪ. ಕೊಂಡವನಾಗಲಿ ಮಾರಿದವನಾಗಲಿ ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಕ್ಕೆ ಕೊಡಬಹುದು, ಇಲ್ಲವೆ ಪಡೆಯಬಹುದು ಎಂಬದು ಮನುವಿನ ಸಾಮಾನ್ಯ ವಿಧಿ. ಯಾಜ್ಞವಲ್ಕ್ಯನು ವಸ್ತುವಿಗೆ ತಕ್ಕಂತೆ ಪರೀಕ್ಷಾಕಾಲವನ್ನು ಬೇರೆಮಾಡಿದನು: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1, ಹೊರೆಯೆಳೆಯುವ ಪಶುವಿಗೆ 5, ರತ್ನಕ್ಕೆ 7, ಹಯನಿನ ಪಶುವಿಗೆ 3. ನಾರದನು ಇನ್ನೂ ಸೂಕ್ಷ್ಮವಾಗಿ ಹೇಳುತ್ತಾನೆ. ಕೊಂಡ ದಿನವೇ ಕೆಡಿಸದೆ ಹಿಂದಿರುಗಿಸಿದರೆ ನಷ್ಟವಿಲ್ಲ. ಎರಡನೆಯ ದಿನ ಬೆಲೆಯ ಮೂವತ್ತರಲ್ಲೊಂದು ಪಾಲು ಹೋಗುವದು. ಮೂರನೆಯ ದಿನ ಅದರ ಇಮ್ಮಡಿ. ಆ ಮೇಲೆ ವಸ್ತುವು ಕೊಂಡವನದೇ. ಇಂದಿನ ಟಿಕೆಟ್ಟಿನ ರದ್ದತಿಶುಲ್ಕವು ಈ ಕ್ರಮದ ದೂರದ ಬಂಧುವಾಗಿದೆ. ಆದರೆ ನಾರದನ ಮೂವತ್ತರಲ್ಲೊಂದು ಎಲ್ಲಿ, ಮೂಲದರವೂ ಇಂಧನಶುಲ್ಕವೂ ಕೂಡಿದಷ್ಟರ ವರೆಗೆ ರದ್ದತಿಶುಲ್ಕವನ್ನು ಹಿಡಿಯಬಹುದೆಂದ 2016ನೆಯ ಇಸವಿಯ ನಿಯಮವೆಲ್ಲಿ!

ಈ ವಿಷಯದಲ್ಲಿ ಅತ್ಯಂತ ಮಹತ್ತ್ವದ ಮಾತು ಕೌಟಿಲ್ಯನದು. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಮೊದಲು ಅಚ್ಚುಹಾಕಿಸಿ ಲೋಕಕ್ಕೆ ತೋರಿಸಿಕೊಟ್ಟ ಸಂಗತಿಯು ವಾಚಕರಿಗೆ ತಿಳಿದೇ ಇದೆ. ಆ ಗ್ರಂಥದ ಧರ್ಮಸ್ಥೀಯ ಅಧಿಕರಣದಲ್ಲಿ ಅನುಶಯದ ಅವಧಿಯು ವರ್ತಕರಿಗೆ ಒಂದು ರಾತ್ರಿ, ಒಕ್ಕಲಿಗರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿ ಎಂದಿದೆ. ಬೆಲೆಯನ್ನು ಬಲ್ಲುದೇ ಯಾರ ಕಸಬೋ ಅವರಿಗೆ ಪಶ್ಚಾತ್ತಾಪದ ಕಾಲವು ಎಲ್ಲರಿಗಿಂತ ಕಡಿಮೆ. ಸಂತೆಗೆ ಅಪರೂಪವಾಗಿ ಬರುವವನಿಗೆ ಹೆಚ್ಚು. ಇದರೊಡನೆ ಕೌಟಿಲ್ಯನು ಮೂರು ಅಪವಾದಗಳನ್ನು ಹೇಳಿದ್ದಾನೆ: ವಸ್ತುವಿನ ದೋಷ, ರಾಜ, ಚೋರ, ಅಗ್ನಿ, ಜಲಗಳಿಂದಾದ ಉಪನಿಪಾತ, ಮೂರನೆಯದು ಅವಿಷಹ್ಯ, ಅಂದರೆ ಸಹಿಸಲಶಕ್ಯವಾದುದು, ಗುಣಗಳಲ್ಲಿ ಬಹಳ ಹೀನವಾದುದು ಅಥವಾ ಆರ್ತನು ಮಾಡಿದುದು.

ಬೃಹಸ್ಪತಿಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮತ್ತನು, ಉನ್ಮತ್ತನು, ಪರಾಧೀನನು, ಮೂಢನು ಮಾರಿದುದೂ, ಹೀನಮೂಲ್ಯಕ್ಕೆ ಮಾರಿದುದೂ, ಭಯದಿಂದ ಮಾರಿದುದೂ ಮಾರಿದವನಿಗೇ ಮರಳಬೇಕೆಂದು ಹೇಳಿದ್ದಾನೆ. ಕಂಪನಿಯ ಪಕ್ಷದವರು ಈ ಹೀನಮೂಲ್ಯವೆಂಬ ಪದವನ್ನು ಕೂಡಲೆ ಹಿಡಿದುಕೊಳ್ಳಬಹುದು. ಆದರೆ ಪದವು ಯಾರ ನಡುವೆ ಕುಳಿತಿದೆಯೆಂಬದನ್ನು ನೋಡಬೇಕು. ಭೀತನು, ಪರಾಧೀನನು, ಮೂಢನು ಎಂಬ ಸಾಹಚರ್ಯದಿಂದ ಇದು ದುರ್ಬಲನಾದ ಮಾರಾಟಗಾರನ ರಕ್ಷಣೆಗಾಗಿ ಹುಟ್ಟಿದ ವಚನವೆಂದು ಸ್ಪಷ್ಟವಾಗುತ್ತದೆ. 1981ರಲ್ಲಿ ನಿಪ್ಪಾಣಿಯ ತಂಬಾಕಿನ ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತು ಬೇಡಿದುದು ಇಂಥ ರಕ್ಷಣೆಯನ್ನೇ. ನೂರಾರು ಗಣಕಜ್ಞರನ್ನಿಟ್ಟುಕೊಂಡು ಕ್ಷಣಕ್ಷಣಕ್ಕೂ ದರವನ್ನು ಏರಿಸಿ ಇಳಿಸುವ ವಿಮಾನ ಕಂಪನಿಯು ಬೆಳೆಗಾರನ ಸಾಲಿನಲ್ಲಿ ಬಂದು ನಿಲ್ಲಲಾಗದು.

ಇಲ್ಲಿ ಸೂಕ್ಷ್ಮವಾದ ಒಂದು ಆಕ್ಷೇಪವು ಏಳಬಹುದು. ಟಿಕೆಟ್ಟು ವಸ್ತುವೇ ಅಲ್ಲ. ಅದನ್ನು ಕೊಂಡವನ ಮನೆಗೆ ಏನೂ ಬರುವದಿಲ್ಲ. ಅದು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯುತ್ತೇನೆಂಬ ಮಾತು ಮಾತ್ರ. ಆದುದರಿಂದ ಕ್ರಯದ ನ್ಯಾಯವು ಹೇಗೆ ಹೊಂದೀತು? ಈ ಆಕ್ಷೇಪವು ಸರಿಯಾದುದೇ. ಆದರೆ ಅದು ಕಂಪನಿಯನ್ನು ಬಿಡಿಸುವದಿಲ್ಲ, ಇನ್ನೂ ಬಿಗಿಯುತ್ತದೆ. ಒಯ್ಯುವವನ ಮಾತು ಶಾಸ್ತ್ರದಲ್ಲಿ ವೇತನಪ್ರಕರಣಕ್ಕೆ ಸೇರುತ್ತದೆ. ಅಲ್ಲಿ ಯಾಜ್ಞವಲ್ಕ್ಯನು, ಹೊರಡುವದಕ್ಕೆ ವಿಘ್ನ ಮಾಡಿದವನು ಕೂಲಿಯ ಇಮ್ಮಡಿಯನ್ನು ಕೊಡಬೇಕೆಂದೂ, ಪ್ರಸ್ಥಾನವು ನಿಶ್ಚಯವಾದ ಮೇಲೆ ಬಿಟ್ಟವನು ಏಳನೆಯ ಒಂದು ಪಾಲನ್ನು, ದಾರಿಯಲ್ಲಿ ಬಿಟ್ಟವನು ನಾಲ್ಕನೆಯ ಒಂದು ಪಾಲನ್ನು, ಅರ್ಧ ದಾರಿಯಲ್ಲಿ ಬಿಟ್ಟವನು ಪೂರ್ಣ ಕೂಲಿಯನ್ನು ಕೊಡಬೇಕೆಂದೂ ವಿಧಿಸಿದ್ದಾನೆ. ಕೆಲಸದವನನ್ನು ಬಿಡಿಸಿದ ಯಜಮಾನನಿಗೂ ಇದೇ ವಿಧಿಯೆಂದು ಕಡೆಯಲ್ಲಿ ಸೇರಿಸಿದ್ದಾನೆ. ಹೊರಡುವ ಮೊದಲೇ ಬಿಟ್ಟವನಿಗೆ ಒಂದು ಕಡೆ ಇಮ್ಮಡಿ, ಇನ್ನೊಂದು ಕಡೆ ಏಳನೆಯ ಪಾಲು ಎಂದರೆ ವಿರೋಧವಾಗುವದಿಲ್ಲವೇ ಎಂದು ವಿಜ್ಞಾನೇಶ್ವರನು ಪ್ರಶ್ನೆ ಮಾಡಿಕೊಂಡು ಹೀಗೆ ಸಮಾಧಾನ ಹೇಳುತ್ತಾನೆ. ಬೇರೆ ಆಳನ್ನು ಹುಡುಕಿಕೊಳ್ಳಲು ಅವಕಾಶವಿರುವಾಗ ಬಿಟ್ಟರೆ ಏಳನೆಯ ಪಾಲು. ಹೊರಡುವ ಮುಹೂರ್ತದಲ್ಲಿಯೇ ಕೈಬಿಟ್ಟರೆ ಇಮ್ಮಡಿ. ತಪ್ಪಿನ ಭಾರವನ್ನು ಅಳೆಯುವ ತಕ್ಕಡಿಯು ಇಲ್ಲಿ ಸಿಕ್ಕಿತು. ನಂಬಿದವನಿಗೆ ಬೇರೆ ದಾರಿಯನ್ನು ಕಂಡುಕೊಳ್ಳಲು ಕಾಲವು ಉಳಿದಿತ್ತೇ ಇಲ್ಲವೇ ಎಂಬದೇ ಆ ತಕ್ಕಡಿ.

ಇನ್ನು ಆಧುನಿಕ ಕಾಯದೆಯನ್ನು ನೋಡೋಣ. 1872ನೆಯ ಇಸವಿಯ ಭಾರತೀಯ ಒಪ್ಪಂದದ ಕಾಯದೆಯಲ್ಲಿ 20ನೆಯ ಕಲಮಿನಂತೆ, ಒಪ್ಪಂದಕ್ಕೆ ಮುಖ್ಯವಾದ ವಸ್ತುಸ್ಥಿತಿಯನ್ನು ಕುರಿತು ಎರಡೂ ಪಕ್ಷಗಳು ತಪ್ಪು ತಿಳಿದಿದ್ದರೆ ಒಪ್ಪಂದವು ನಿರರ್ಥಕ. ಆದರೆ ವಸ್ತುವಿನ ಬೆಲೆಯನ್ನು ಕುರಿತ ತಪ್ಪು ಅಭಿಪ್ರಾಯವು ವಸ್ತುಸ್ಥಿತಿಯ ತಪ್ಪಲ್ಲವೆಂದು ಅಲ್ಲಿಯೇ ವಿವರಣೆಯುಂಟು. 22ನೆಯ ಕಲಮಿನಂತೆ, ಒಂದೇ ಪಕ್ಷವು ತಪ್ಪಿತೆಂಬ ಮಾತ್ರದಿಂದ ಒಪ್ಪಂದವನ್ನು ಮುರಿಯಲಾಗದು. ಇದು ಗ್ರಾಹಕನಿಗೆ ಎಷ್ಟು ಕಠೋರವಾಗಿ ಹೊಂದಿತೆಂಬದಕ್ಕೆ ಮುಂಬಯಿಯ ಉಚ್ಚ ನ್ಯಾಯಾಲಯದ 1892ರ ತೀರ್ಪೊಂದು ನಿದರ್ಶನ. ಬೆಳಗಾವಿ ಜಿಲ್ಲೆಯು 1956ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಇದು ನಮ್ಮ ಭಾಗಕ್ಕೂ ಅನ್ವಯಿಸಿದ ತೀರ್ಪು. ಹಜ್ ಯಾತ್ರಿಕರನ್ನು ಜಿದ್ದಾದಿಂದ ಮುಂಬಯಿಗೆ ಕರೆತರಲು ಒಬ್ಬನು ನೌಕಾ ಕಂಪನಿಯೊಂದರ ಹಡಗನ್ನು ಗೊತ್ತುಮಾಡಿದನು. ಹಜ್ ಆದ ಹದಿನೈದನೆಯ ದಿನವು ಆಗಸ್ಟ್ 10 ಎಂದು ಅವನು ತಿಳಿದು ಹಾಗೆಯೇ ಕರಾರಿನಲ್ಲಿ ಬರೆಯಿಸಿದನು. ನಿಜವಾಗಿ ಅದು ಜುಲೈ 19 ಆಗಿತ್ತು. ಕರಾರನ್ನು ತಿದ್ದಿಸಬೇಕೆಂದು ಅವನು ಕೋರ್ಟಿಗೆ ಹೋದರೆ, ಕಂಪನಿಯು ಇಂಗ್ಲಿಷ್ ತಾರೀಖನ್ನು ಮಾತ್ರ ನೋಡಿ ಒಪ್ಪಿದೆ, ತಪ್ಪು ನಿನ್ನೊಬ್ಬನದೇ ಎಂದು ಅವನ ಬೇಡಿಕೆಯನ್ನು ನಿರಾಕರಿಸಲಾಯಿತು. ತಾರೀಖಿನಲ್ಲಿ ತಪ್ಪಿದ ಗ್ರಾಹಕನು ಬರೆದುದಕ್ಕೆ ಬದ್ಧನಾದ ಮೇಲೆ, ಬೆಲೆಯಲ್ಲಿ ತಪ್ಪಿದ ಕಂಪನಿಯು ಬರೆದುದಕ್ಕೆ ಬದ್ಧವಲ್ಲವೆಂದು ಹೇಳುವದು ಯಾವ ನ್ಯಾಯ?

ಆದರೆ ಇದಕ್ಕೊಂದು ಎಲ್ಲೆಯುಂಟು. 1939ರಲ್ಲಿ ಇಂಗ್ಲಂಡಿನಲ್ಲಿ ಮೊಲದ ತೊಗಲುಗಳ ವ್ಯಾಪಾರವೊಂದು ಕೋರ್ಟಿಗೆ ಬಂದಿತು. ಮಾತುಕತೆಯೆಲ್ಲ ತೊಗಲೊಂದಕ್ಕೆ ಇಷ್ಟು ಎಂದು ನಡೆದಿತ್ತು. ಕಡೆಯ ಪತ್ರದಲ್ಲಿ ಮಾರುವವನು ತಪ್ಪಿ ಪೌಂಡಿಗೆ ಇಷ್ಟು ಎಂದು ಬರೆದನು. ಪೌಂಡಿಗೆ ಸುಮಾರು ಮೂರು ತೊಗಲು ತೂಗುವವಾದುದರಿಂದ ಬೆಲೆಯು ಮೂರರಲ್ಲೊಂದಾಯಿತು. ಚಪ್ಪಲಿಯ ಕಸಬಿಗೆ ಹೆಸರಾದ ಅಥಣಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಗಲಿನ ವ್ಯವಹಾರವನ್ನು ಬಲ್ಲವನಿಗೆ ಆ ಪತ್ರವನ್ನು ನೋಡಿದೊಡನೆ ತಪ್ಪು ತಿಳಿಯಬೇಕು. ಕೋರ್ಟು ಹಾಗೆಯೇ ಹೇಳಿ ಕೊಳ್ಳುವವನ ದಾವೆಯನ್ನು ತಳ್ಳಿಹಾಕಿತು. 2003ರಲ್ಲಿ ಸಿಂಗಪುರದ ಕಂಪನಿಯೊಂದು 3,854 ಡಾಲರಿನ ಮುದ್ರಣಯಂತ್ರವನ್ನು ತಪ್ಪಾಗಿ 66 ಡಾಲರಿಗೆ ತೋರಿಸಿದಾಗ ಆರು ಜನರು ಕೂಡಿ 1,606 ಯಂತ್ರಗಳಿಗೆ ಬೇಡಿಕೆಯಿಟ್ಟರು. ತಪ್ಪನ್ನು ತಿಳಿದೇ ಕಬಳಿಸಲು ಹೊರಟವರಿಗೆ ಒಪ್ಪಂದದ ಆಸರೆಯಿಲ್ಲವೆಂದು ಅಲ್ಲಿಯ ನ್ಯಾಯಾಲಯಗಳು 2004ರಲ್ಲಿಯೂ, ಮೇಲ್ಮನವಿಯಲ್ಲಿ 2005ರಲ್ಲಿಯೂ ನಿರ್ಣಯಿಸಿದವು. ಆಡಿದವನ ತಪ್ಪನ್ನು ಕೇಳಿದವನು ಅರಿತಿದ್ದರೆ ಆ ಮಾತಿಗೆ ಸತ್ಯಂಕಾರವಿಲ್ಲವೆಂಬದೇ ಈ ಎಲ್ಲೆ.

ವಿಮಾನಗಳ ವಿಷಯದಲ್ಲಿ ಅಮೇರಿಕೆಯ ಅನುಭವವು ಬೋಧಪ್ರದವಾಗಿದೆ. ಅಲ್ಲಿ 2012ರಿಂದ ಜಾರಿಗೆ ಬಂದ ನಿಯಮವು, ಟಿಕೆಟ್ಟು ಮಾರಿದ ಮೇಲೆ ಬೆಲೆಯನ್ನು ಏರಿಸಬಾರದೆಂದು ಕಂಪನಿಗಳನ್ನು ಕಟ್ಟಿಹಾಕಿತು. ತಪ್ಪು ಬೆಲೆಗಳಿಗೂ ಅದು ಅನ್ವಯಿಸಿತು. 2015ರ ಫೆಬ್ರುವರಿಯಲ್ಲಿ ಯುನೈಟೆಡ್ ಕಂಪನಿಯ ಡೆನ್ಮಾರ್ಕಿನ ಮಾರಾಟದ ಪುಟದಲ್ಲಿ ನಾಣ್ಯದ ವಿನಿಮಯದೋಷವಾದಾಗ, ಬೇರೆ ದೇಶಗಳ ಜನರು ತಾವು ಡೆನ್ಮಾರ್ಕಿನವರೆಂದು ತೋರಿಸಿಕೊಂಡು ಮೇಲ್ವರ್ಗದ ಟಿಕೆಟ್ಟುಗಳನ್ನು ಅತ್ಯಲ್ಪ ಬೆಲೆಗೆ ಕೊಂಡರು. ಸರಕಾರದ ಸಾರಿಗೆ ಇಲಾಖೆಯು ಅವರ ನೆರವಿಗೆ ಬರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಆ ಇಲಾಖೆಯು ತನ್ನ ಧೋರಣೆಯನ್ನು ಸಡಿಲಿಸಿ, ಕಂಪನಿಯು ಬೆಲೆಯು ತಪ್ಪೆಂಬದನ್ನು ಸಿದ್ಧಪಡಿಸಿ, ಟಿಕೆಟ್ಟಿನ ಹಣದೊಡನೆ ಅದನ್ನು ನಂಬಿ ಪ್ರಯಾಣಿಕನು ಮಾಡಿದ ಯುಕ್ತವಾದ ವೆಚ್ಚವನ್ನೂ ಕೊಟ್ಟರೆ ತಾನು ಕ್ರಮ ಕೈಕೊಳ್ಳುವದಿಲ್ಲವೆಂದು ಸಾರಿತು. ಇದಕ್ಕೆ ವ್ಯತಿರಿಕ್ತವಾಗಿ 2019ರ ಆರಂಭದಲ್ಲಿ ಹಾಂಗ್‌ಕಾಂಗಿನ ಕ್ಯಾಥೆ ಪೆಸಿಫಿಕ್ ಕಂಪನಿಯು, ವಿಯೆಟ್ನಾಮಿನಿಂದ ಅಮೇರಿಕೆಗೆ ಹೋಗಿಬರುವ ಮೇಲ್ವರ್ಗದ ಟಿಕೆಟ್ಟುಗಳನ್ನು ಸುಮಾರು 675 ಡಾಲರಿಗೆ ತಪ್ಪಾಗಿ ಮಾರಿದ ಮೇಲೆ, ಯಾವ ಕಾಯದೆಯ ಒತ್ತಾಯಕ್ಕೂ ಕಾಯದೆ ಅವನ್ನು ನಡಿಸಿಕೊಡುವದಾಗಿ ಪ್ರಕಟಿಸಿತು.

ಹಾಗಾದರೆ ನಮ್ಮ ದೇಶದಲ್ಲಿ ಕೊಳ್ಳುವವನು ತಪ್ಪನ್ನು ಅರಿತಿದ್ದನೆಂದು ಯಾವ ಲಕ್ಷಣದಿಂದ ಊಹಿಸಬೇಕು? ಬೆಲೆಯು ಅತ್ಯಲ್ಪವೆಂಬ ಒಂದೇ ಹೇತುವು ಇಲ್ಲಿ ಸಾಲದು. ನೈಯಾಯಿಕರ ಮಾತಿನಲ್ಲಿ ಅದು ಸವ್ಯಭಿಚಾರವಾದ ಹೇತು. ಏಕೆಂದರೆ ಅತ್ಯಲ್ಪ ಬೆಲೆಯನ್ನು ಬುದ್ಧಿಪೂರ್ವಕವಾಗಿ ಇಟ್ಟವರು ಕಂಪನಿಗಳೇ. ಕನ್ನಡಿಗರಾದ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಏರ್ ಡೆಕ್ಕನ್ ಕಂಪನಿಯು ಒಂದು ರೂಪಾಯಿಯ ಟಿಕೆಟ್ಟುಗಳನ್ನು ನಿಜವಾಗಿಯೂ ಮಾರಿತು. 2014ರ ಏಪ್ರಿಲಿನಲ್ಲಿ ಸ್ಪೈಸ್‌ಜೆಟ್ ಕಂಪನಿಯು ತೆರಿಗೆ ಶುಲ್ಕಗಳನ್ನು ಬಿಟ್ಟು ಮೂಲದರ ಒಂದೇ ರೂಪಾಯಿಯೆಂದು ಸಾರಿದಾಗ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಆ ಮಾರಾಟವನ್ನು ನಿಲ್ಲಿಸಲು ಹೇಳಬೇಕಾಯಿತು. 2017ರಲ್ಲಿ ಮೊದಲಾದ ಉಡಾನ್ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಗೊತ್ತಾದ ಆಸನಗಳ ದರವು 2,500 ರೂಪಾಯಿಯನ್ನು ಮೀರಬಾರದೆಂದಿತ್ತು. ಬೆಳಗಾವಿ ಕೊಲ್ಲಾಪುರಗಳೂ ಆ ಯೋಜನೆಗೆ ಸೇರಿದವು. ಒಂದು ರೂಪಾಯಿಯು ನಿಜವಾದ ಬೆಲೆಯಾಗಬಲ್ಲ ಪೇಟೆಯಲ್ಲಿ 1,250 ರೂಪಾಯಿಯನ್ನು ಕಂಡ ರಾಯಬಾಗದ ರೈತನು ಇದು ಸ್ಖಲನವೆಂದು ತಿಳಿಯಬೇಕಾಗಿತ್ತು ಎಂಬುವ ಮಾತು ಕಂಪನಿಯ ಬಾಯಿಯಲ್ಲಿ ಶೋಭಿಸುವದಿಲ್ಲ. ಅರಿವನ್ನು ಸಾಧಿಸಲು ಬೇರೆ ಲಕ್ಷಣಗಳು ಬೇಕು: ಒಬ್ಬನೇ ಹತ್ತಾರು ಟಿಕೆಟ್ಟುಗಳನ್ನು ರಾಶಿಹಾಕಿರುವದು, ಊರು ಹೆಸರುಗಳನ್ನು ಮರೆಮಾಚಿರುವದು, ತಪ್ಪೆಂದು ಇತರರಿಗೆ ತಾನೇ ಬರೆದು ತಿಳಿಸಿರುವದು.

ಈ ಪ್ರಮಾಣಗಳನ್ನೆಲ್ಲ ಕೂಡಿಸಿ ನೋಡಿದರೆ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಒಂದನೆಯದಾಗಿ, ಬುದ್ಧಿಪೂರ್ವಕವಾಗಿ ಇಟ್ಟ ಕಡಿಮೆ ಬೆಲೆಯಿಂದ ಹಿಂದೆ ಸರಿಯಲು ಕಂಪನಿಗೆ ಯಾವ ಅಧಿಕಾರವೂ ಇಲ್ಲ. ಎರಡನೆಯದಾಗಿ, ನಿಜವಾದ ಸ್ಖಲನವಾಗಿದ್ದು ಕೊಳ್ಳುವವನು ಅದನ್ನು ಅರಿತೇ ಕೊಂಡಿದ್ದರೆ ಕಂಪನಿಯು ಹಣವನ್ನು ಪೂರ್ಣವಾಗಿ ಹಿಂದಿರುಗಿಸಿ ಬಿಡುಗಡೆ ಹೊಂದಬಹುದು. ಅರಿವನ್ನು ಸಿದ್ಧಪಡಿಸುವ ಹೊಣೆಯು ಕಂಪನಿಯದು. ಮೂರನೆಯದಾಗಿ, ಕೊಂಡವನು ಅರಿಯದೆ ಕೊಂಡಿದ್ದರೆ ಕಂಪನಿಗೆ ಕೌಟಿಲ್ಯನ ವರ್ತಕನಂತೆ ಒಂದು ರಾತ್ರಿಯ ಅವಧಿಯನ್ನು ಕೊಡಬಹುದು. 2019ರಲ್ಲಿ ಸರಕಾರವು ಪ್ರಕಟಿಸಿದ ಪ್ರಯಾಣಿಕರ ಸನ್ನದು, ಹೊರಡುವದು ಕನಿಷ್ಠ ಏಳು ದಿನ ದೂರವಿರುವಾಗ, ಟಿಕೆಟ್ಟು ಕೊಂಡ 24 ಗಂಟೆಗಳೊಳಗೆ ಶುಲ್ಕವಿಲ್ಲದೆ ರದ್ದುಮಾಡುವ ಅವಕಾಶವನ್ನು ಪ್ರಯಾಣಿಕನಿಗೆ ಕೊಟ್ಟಿತು. ಕಸಬುದಾರನಾದ ಕಂಪನಿಗೆ ಅದಕ್ಕಿಂತ ಒಂದು ಗಳಿಗೆಯೂ ಹೆಚ್ಚಾಗಿ ಸಲ್ಲದು. ಹೊರಡುವ ದಿನವು ಸಮೀಪಿಸಿದ್ದರೆ ಅಷ್ಟೂ ಸಲ್ಲದು. ನಾಲ್ಕನೆಯದಾಗಿ, ಆ ಅವಧಿಯೊಳಗೆ ರದ್ದುಮಾಡಿದರೂ ಪ್ರಯಾಣಿಕನು ನಂಬಿ ಮಾಡಿದ ವೆಚ್ಚವನ್ನು ಕಂಪನಿಯು ತುಂಬಿಕೊಡಬೇಕು. ಐದನೆಯದಾಗಿ, ಅವಧಿಯು ಮೀರಿದ ಮೇಲೆ ಟಿಕೆಟ್ಟನ್ನು ನಡಿಸಿಕೊಡಲೇಬೇಕು. ಹೊರಡುವ ಹೊತ್ತಿಗೆ ಕೈಬಿಟ್ಟ ಕಂಪನಿಯು ಪ್ರಸ್ಥಾನವಿಘ್ನಕಾರಿಯು. ಅದು ಕೊಡಬೇಕಾದುದನ್ನು ಪ್ರಯಾಣಿಕನು ಕೊಟ್ಟ ಅಲ್ಪ ಬೆಲೆಯಿಂದಲ್ಲ, ಆ ದಿನ ಬೇರೆ ವಾಹನಕ್ಕೆ ಅವನು ತೆರಬೇಕಾದ ಬೆಲೆಯಿಂದ ಎಣಿಸಬೇಕು.

ಇಷ್ಟು ಬಿಗಿಯಾದ ವಿಧಿಯಿಂದ ಕಂಪನಿಗಳು ನಷ್ಟಕ್ಕೊಳಗಾಗಿ ಎಲ್ಲರ ದರವೂ ಏರೀತೆಂದು ಕೆಲವರು ಹೇಳಬಹುದು. ಆದರೆ ಸಾವಿರಾರು ಟಿಕೆಟ್ಟುಗಳಲ್ಲಿ ಒಂದು ಸ್ಖಲನದ ನಷ್ಟವನ್ನು ಹಂಚಿಕೊಳ್ಳುವ ಶಕ್ತಿಯು ಕಂಪನಿಗುಂಟು. ವರ್ಷಕ್ಕೊಮ್ಮೆ ವಿಮಾನವನ್ನೇರುವ ಕಾಗವಾಡದ ಗೃಹಸ್ಥನಿಗೆ ಆ ಶಕ್ತಿಯಿಲ್ಲ. ತಪ್ಪನ್ನು ತಡೆಯುವ ಉಪಾಯವೂ ದರವನ್ನು ಬರೆಯುವವರ ಕೈಯಲ್ಲಿಯೇ ಇದೆ. ಬೆಲೆಯು ಎಂದಿನ ಮಟ್ಟಕ್ಕಿಂತ ಬಹಳ ಕೆಳಗಿಳಿದರೆ ಮಾರಾಟವನ್ನು ತಡೆದು ಮನುಷ್ಯನ ಕಣ್ಣಿಗೆ ತೋರಿಸುವ ವ್ಯವಸ್ಥೆಯನ್ನು ಯಂತ್ರದಲ್ಲಿ ಇಡುವದು ಅಶಕ್ಯವೇನಲ್ಲ. ಹೊಣೆಯು ಬಿದ್ದಲ್ಲಿ ಎಚ್ಚರವು ತಾನಾಗಿ ಹುಟ್ಟುತ್ತದೆ. ಹೊಣೆಯಿಲ್ಲದಲ್ಲಿ ತಪ್ಪೇ ಒಂದು ಅನುಕೂಲವಾಗಿ ಪರಿಣಮಿಸುತ್ತದೆ. ಕೊಳ್ಳುವವರೂ ಎರಡು ವಿಷಯಗಳನ್ನು ನೆನಪಿನಲ್ಲಿಡಬೇಕು. ಬೆಲೆಯು ಆಶ್ಚರ್ಯಕರವಾಗಿ ಕಡಿಮೆಯೆಂದು ಕಂಡರೆ ಒಂದು ದಿನ ಕಳೆಯುವ ವರೆಗೆ ಬೇರೆ ವೆಚ್ಚವನ್ನು ಮಾಡಬಾರದು. ಹಣ ಸಲ್ಲಿಸಿದ ರಸೀದಿಯನ್ನೂ ತೋರಿಸಿದ ಬೆಲೆಯ ಪ್ರತಿಯನ್ನೂ ಕಾದಿಡಬೇಕು. 2019ರ ಗ್ರಾಹಕ ಸಂರಕ್ಷಣೆಯ ಕಾಯದೆಯಂತೆ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರನ್ನು ಕೊಡಬಹುದಾದುದರಿಂದ, ನಮ್ಮ ಭಾಗದವರು ಇದಕ್ಕಾಗಿ ದೂರದ ಪಟ್ಟಣಗಳಿಗೆ ಅಲೆಯಬೇಕಾಗಿಲ್ಲ.

ಕನ್ನಡದಲ್ಲಿ ಸಂಚಕಾರವೆಂಬ ಶಬ್ದಕ್ಕೆ ಕಾಲಕ್ರಮದಲ್ಲಿ ಕೇಡು, ಅಪಾಯ ಎಂಬ ಇನ್ನೊಂದು ಅರ್ಥವೂ ಸೇರಿಕೊಂಡಿತು. ಸಂಚಕಾರ ಕೊಡುವದೆಂದರೆ ಮಾತನ್ನು ಗಟ್ಟಿಮಾಡುವದು. ಸಂಚಕಾರ ಬರುವದೆಂದರೆ ಇದ್ದುದಕ್ಕೆ ಮುಪ್ಪುರಿಯಾದ ಗಂಡಾಂತರ ಒದಗುವದು. ಟಿಕೆಟ್ಟಿಗೆ ಕೊಟ್ಟ ಹಣವು ಇವೆರಡರಲ್ಲಿ ಯಾವ ಅರ್ಥದ ಸಂಚಕಾರವಾಗಬೇಕೆಂಬದನ್ನು ನಿರ್ಣಯಿಸುವದು ಕಾಯದೆ ಮಾಡುವವರ ಕೆಲಸ. ಅವರು ಮಿತಾಕ್ಷರಾಕಾರನ ತಕ್ಕಡಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಬೇಕೆಂಬದೇ ಈ ಲೇಖನದ ಪ್ರಾರ್ಥನೆ.